ಕಾಲು ಸೋತ ಕೋಳಿಮರಿಯ ಆರೈಕೆ



ಕಬ್ಬಿನ ಹಣ ಹಂಗಾಮಿಗೆ. ವಾರದ ಸಂತೆಗೆ ಹಿತ್ತಲ ಕೋಳಿಯೇ ಆಧಾರ. ಕಾಲು ಸೋತ ಮರಿಯನ್ನು ಎಸೆಯುವ ಮೊದಲು ಕಾರಣ ನೋಡಿರಿ.

ನುಣುಪು ಕಾಗದದ ಮೇಲೆ ಜಾರಿ ಮರಿಯ ಕಾಲುಗಳು ಎರಡೂ ಪಕ್ಕಕ್ಕೆ ಅಗಲುತ್ತವೆ. ಗೋಣಿತಟ್ಟು ಹಾಸಿರಿ. ಸಹಜವಾಗಿ ನಿಲ್ಲುವಷ್ಟು ಅಂತರ ಬಿಟ್ಟು, ಮೆತ್ತನೆಯ ಬಟ್ಟೆಪಟ್ಟಿಯಿಂದ ಕಾಲುಗಳನ್ನು ಸಡಿಲವಾಗಿ ಕಟ್ಟಿರಿ. ದಿನವೂ ಬಿಚ್ಚಿ ನೋಡಿರಿ. ನೀರು, ಕಾಳು ಬಾಯಿಗೆ ಎಟುಕುವಂತಿಡಿರಿ. ಹುಟ್ಟಿದ ಒಂದೆರಡು ದಿನದೊಳಗೆ ಕಟ್ಟಿದರೆ ಸಾಮಾನ್ಯವಾಗಿ 3-4 ದಿನಗಳಲ್ಲಿ ಮರಿ ನಿಲ್ಲುತ್ತದೆ.

ಬೆರಳು ಒಳಕ್ಕೆ ಮಡಚಿ ಹಿಮ್ಮಡಿಯ ಮೇಲೆ ಕೂತರೆ ಬಿ-2 ಜೀವಸತ್ವದ ಕೊರತೆ ಇರಬಹುದು. ತಡಮಾಡದೆ ಬಿ-ಕಾಂಪ್ಲೆಕ್ಸ್ ಕೊಡಿಸಿರಿ. ನರ ಕೆಟ್ಟ ಮೇಲೆ ಫಲವಿಲ್ಲ.

ಬೆಳೆದ ಮರಿ ಒಂದು ಕಾಲು ಮುಂದೆ, ಒಂದು ಹಿಂದೆ ಚಾಚಿದರೆ ಮಾರೆಕ್ಸ್ ರೋಗದ ಶಂಕೆ. ಅದಕ್ಕೆ ಮದ್ದಿಲ್ಲ. ಬೇರೆ ಇಟ್ಟು ಪಶುವೈದ್ಯರಿಗೆ ತೋರಿಸಿರಿ. ಇದರ ಲಸಿಕೆಯನ್ನು ಮರಿ ಹುಟ್ಟಿದ ದಿನವೇ ಹಾಕುತ್ತಾರೆ. ಕೊಳ್ಳುವಾಗ ತಪ್ಪದೆ ವಿಚಾರಿಸಿರಿ.