ಹಳೆಯ ಚೀಟಿಗಳಲ್ಲಿ ಯಾವುದನ್ನು ಹರಿಯಬಹುದು?

(ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಹಬ್ಬಕ್ಕೆ ಸುಣ್ಣ ಬಳಿಯುವಾಗ ತೊಲೆಗೆ ಸಿಕ್ಕಿಸಿದ ಕಾಗದಗಳ ಕಂತೆ ಕೈಗೆ ಬರುತ್ತದೆ. ಹಾಲಿನ ಚೀಟಿ, ಗರ್ಭಧಾರಣೆಯ ಚೀಟಿ, ಲಸಿಕೆ ಕಾರ್ಡು, ವಿಮೆಯ ಕಾಗದ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಒಂದೋ ಎಲ್ಲವನ್ನೂ ಒಲೆಗೆ ಹಾಕುತ್ತೀರಿ, ಇಲ್ಲವೇ ಎಲ್ಲವನ್ನೂ ಮತ್ತೆ ಅಲ್ಲಿಯೇ ಸಿಕ್ಕಿಸುತ್ತೀರಿ. ಎರಡರಿಂದಲೂ ಪ್ರಯೋಜನವಿಲ್ಲ. ಕಂತೆ ದೊಡ್ಡದಾದಷ್ಟೂ ಬೇಕಾದ ಚೀಟಿ ಬೇಕಾದ ಹೊತ್ತಿಗೆ ಸಿಗುವುದಿಲ್ಲ.

ಒಂದು ಮನೆಯ ಹಸುವಿಗೆ ಜನವರಿ 10ರಂದು ಕೃತಕ ಗರ್ಭಧಾರಣೆ ಮಾಡಿಸಿದ್ದರು. ಫೆಬ್ರವರಿ 21ರಂದು ಬೆದೆಯ ಲಕ್ಷಣ ಕಂಡಿತೆಂದು ಮತ್ತೆ ಮಾಡಿಸಿದರು. ಹೊಸ ಚೀಟಿ ಬಂದಿತಲ್ಲ ಎಂದು ಹಳೆಯದನ್ನು ಹರಿದರು. ಹೊಸ ಚೀಟಿಯಿಂದ ಸುಮಾರು 280 ದಿನ ಎಣಿಸಿ, ನವೆಂಬರ್ ಕೊನೆಗೆ ಕರು ಎಂದುಕೊಂಡು, ಸೆಪ್ಟೆಂಬರ್ ಕೊನೆಗೆ ಹಾಲು ಬತ್ತಿಸಿದರು. ಹಸು ಅಕ್ಟೋಬರ್ 19ಕ್ಕೆ ಕರು ಹಾಕಿತು. ತಿಂಗಳು ತುಂಬದ ಕರುವೆಂದು ನನ್ನನ್ನು ಕರೆಸಿದರು. ನೋಡಿದರೆ ದಷ್ಟಪುಷ್ಟವಾದ, ದಿನ ತುಂಬಿದ ಕರು! ಗಬ್ಬ ನಿಂತದ್ದು ಮೊದಲ ಸಲವೇ. ಕೆಲವು ಹಸುಗಳು ಗಬ್ಬದಲ್ಲಿದ್ದಾಗಲೂ ಬೆದೆಗೆ ಬಂದಂತೆ ತೋರುತ್ತವೆ. ಎರಡನೆಯ ಸಲ ನಳಿಕೆ ಹಾಕಿದಾಗ ಗಬ್ಬ ಉಳಿದದ್ದೇ ಪುಣ್ಯ. ಆದರೆ 60 ದಿನ ಸಿಗಬೇಕಾಗಿದ್ದ ವಿಶ್ರಾಂತಿ 20 ದಿನಕ್ಕೆ ಇಳಿದಿತ್ತು. ಆ ಸೂಲಿನ ಹಾಲು ಹಿಂದಿನ ಸೂಲಿಗಿಂತ ಕಡಿಮೆಯಾಯಿತು.

ಆದುದರಿಂದ ಹಸು ಕರು ಹಾಕುವವರೆಗೆ ಆ ಸೂಲಿನ ಒಂದು ಚೀಟಿಯನ್ನೂ ಹರಿಯಬೇಡಿರಿ. ಎರಡು ಮೂರು ಚೀಟಿಗಳಿದ್ದರೆ ಗರ್ಭ ಪರೀಕ್ಷೆಗೆ ಬಂದವರಿಗೆ ಎಲ್ಲವನ್ನೂ ತೋರಿಸಿರಿ. ಕರು ಹಾಕಿದ ದಿನದಿಂದ ಹಿಂದಕ್ಕೆ 280 ದಿನ ಎಣಿಸಿದರೆ ಯಾವುದು ನಿಜವಾದ ಚೀಟಿಯೆಂದು ತಿಳಿಯುತ್ತದೆ. ಅದರ ದಿನಾಂಕ, ಹೋರಿಯ ಸಂಖ್ಯೆ, ಎಷ್ಟನೆಯ ಸಲಕ್ಕೆ ಗಬ್ಬ ನಿಂತಿತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಉಳಿದವನ್ನು ಧಾರಾಳವಾಗಿ ಹರಿಯಿರಿ.

ಹೋರಿಯ ಸಂಖ್ಯೆ ಏಕೆ ಎಂದು ಕೇಳುವವರಿದ್ದಾರೆ. ಇಂದಿನ ಹೆಣ್ಣು ಕರು ಒಂದೂವರೆ ಎರಡು ವರ್ಷದಲ್ಲಿ ಬೆದೆಗೆ ಬರುತ್ತದೆ. ಅಷ್ಟು ಹೊತ್ತಿಗೆ ಅದರ ತಂದೆಯ ವೀರ್ಯನಳಿಕೆಯೇ ಪುನಃ ನಿಮ್ಮ ಊರಿಗೆ ಬಂದಿರಬಹುದು. ಸಂಖ್ಯೆ ಇಲ್ಲದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ತಂದೆ ಮಗಳ ಕೂಡಿಕೆಯಿಂದ ಹುಟ್ಟಿದ ಕರುಗಳು ಬೆಳವಣಿಗೆಯಲ್ಲಿಯೂ ಗಬ್ಬ ಕಟ್ಟುವುದರಲ್ಲಿಯೂ ಹಿಂದೆ ಬೀಳುತ್ತವೆ. ಈ ಒಂದು ಸಂಖ್ಯೆ ಹಸು ಇರುವವರೆಗೆ, ಅದರ ಮಗಳೂ ಇರುವವರೆಗೆ ಬೇಕು.

ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಬರುವುದರಿಂದ ಕೊನೆಯ ಒಂದೆರಡು ದಿನಾಂಕ ಇದ್ದರೆ ಸಾಕು. ಕಂದು ರೋಗದ ಲಸಿಕೆ ಹಾಗಲ್ಲ. ಅದನ್ನು 4ರಿಂದ 8 ತಿಂಗಳ ಹೆಣ್ಣು ಕರುವಿಗೆ ಜೀವಮಾನದಲ್ಲಿ ಒಮ್ಮೆ ಮಾತ್ರ ಹಾಕುವುದು. ಮುಂದೆ ರಕ್ತ ಪರೀಕ್ಷೆಯಾದಾಗ ಲಸಿಕೆಯ ಕಾರಣದಿಂದಲೇ ರೋಗವಿದ್ದಂತೆ ಫಲಿತಾಂಶ ಬರುವುದುಂಟು. ಆಗ ವೈದ್ಯರು ಆ ಕಾರ್ಡನ್ನೇ ಕೇಳುತ್ತಾರೆ.

ಹಾಲಿನ ಚೀಟಿಯನ್ನು ಬಟವಾಡೆಯ ದಿನ ತಾಳೆ ನೋಡಿ ಎಸೆಯಬಹುದು. ಅದರಲ್ಲಿರುವುದು ಮನೆಯ ಒಟ್ಟು ಹಾಲು, ಯಾವುದೇ ಒಂದು ಹಸುವಿನದಲ್ಲ. ತಿಂಗಳಿಗೊಂದು ದಿನ ಪ್ರತಿ ಹಸುವಿನ ಎರಡು ಹೊತ್ತಿನ ಹಾಲನ್ನು ಬೇರೆ ಬೇರೆಯಾಗಿ ಅಳೆದು ಬರೆದಿಡಿರಿ. ಬರೆಯುವಾಗ ತಪ್ಪಾದರೆ ಉಜ್ಜಿ ಅಳಿಸಬೇಡಿರಿ. ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯಿರಿ. ಯಾವುದು ತಪ್ಪಾಗಿತ್ತೆಂಬುದೂ ಒಮ್ಮೊಮ್ಮೆ ಬೇಕಾಗುತ್ತದೆ.

ಇನ್ನು ಕಿವಿಯೋಲೆ. 12 ಅಂಕಿಯ ಓಲೆ ಬಿದ್ದುಹೋಗಿ ಹೊಸದು ಹಾಕಿಸಿದರೆ ಹಳೆಯ ಸಂಖ್ಯೆ ಮುಗಿಯಿತೆಂದು ತಿಳಿಯಬೇಡಿರಿ. ಹಿಂದಿನ ಗರ್ಭಧಾರಣೆ, ಲಸಿಕೆ, ಚಿಕಿತ್ಸೆ ಎಲ್ಲವೂ ಗಣಕಯಂತ್ರದಲ್ಲಿ ದಾಖಲಾಗಿರುವುದು ಆ ಹಳೆಯ ಸಂಖ್ಯೆಯ ಮೇಲೆ. ಓಲೆ ಹಾಕುವವರಿಗೆ ಹಳೆಯ ಸಂಖ್ಯೆ ಹೇಳಿದರೆ ಎರಡನ್ನೂ ಜೋಡಿಸುತ್ತಾರೆ. ಹೇಳದಿದ್ದರೆ ನಿಮ್ಮ ಐದನೆಯ ಸೂಲಿನ ಹಸು ಅಲ್ಲಿ ಹೊಸ ಹಸುವಾಗುತ್ತದೆ. ವಿಮೆಯವರಿಗೂ ಲಿಖಿತವಾಗಿ ತಿಳಿಸಿ, ಹೊಸ ಸಂಖ್ಯೆಯನ್ನು ಪಾಲಿಸಿಯಲ್ಲಿ ಸೇರಿಸಿಕೊಳ್ಳಬೇಕು. ಓಲೆಯಿಲ್ಲದೆ ಹಸು ಸತ್ತರೆ ಪರಿಹಾರ ಕೈಗೆ ಬರುವುದು ಕಷ್ಟ. ವಿಮೆ ಮಾಡಿಸಿದವರು ಇಂದು ಸಂಜೆ ಹಾಲು ಕರೆಯುವಾಗಲೇ ಓಲೆಯ ಸಂಖ್ಯೆಯನ್ನು ಕಾಗದದ ಸಂಖ್ಯೆಯೊಡನೆ ತಾಳೆ ನೋಡಿರಿ.