ನಾಯಕರು ಹುಟ್ಟುತ್ತಾರೆಯೇ, ಆಗುತ್ತಾರೆಯೇ?

(ಬನಹಟ್ಟಿಯ ನೇಕಾರ ಯುವಕರ ಸಭೆಯಲ್ಲಿ ಮಾಡಿದ ಭಾಷಣ)



ಒಳ್ಳೆಯ ನಾಯಕರು ಹುಟ್ಟಿಯೇ ಬರುತ್ತಾರೋ, ಬೆಳೆಸಿದರೆ ಬೆಳೆಯುತ್ತಾರೋ ಎಂದು ನೀವು ಕೇಳಿದ್ದೀರಿ. ಮೇಲುನೋಟಕ್ಕೆ ಇದು ಕಾಲೇಜಿನ ಚರ್ಚಾಸ್ಪರ್ಧೆಯ ವಿಷಯದಂತಿದೆ. ಆದರೆ ಮಗ್ಗದ ಮುಂದೆ ಕುಳಿತವನಿಗೆ ಇದು ಕೂಲಿಯ ಪ್ರಶ್ನೆ. ನಾಯಕರು ಹುಟ್ಟಿಯೇ ಬರುವವರಾದರೆ, ಅಂಥವನೊಬ್ಬ ಬರುವ ತನಕ ಅವನು ಕಾಯುತ್ತ ಕೂಡ್ರಬೇಕಷ್ಟೆ!

1948ರ ವರೆಗೆ ಈ ಸೀಮೆಯಲ್ಲಿ ಇದಕ್ಕೆ ದರಬಾರಿನ ಉತ್ತರವೇ ಇತ್ತು. ಜಮಖಂಡಿಗೆ ಪಟವರ್ಧನರು, ಮುಧೋಳಕ್ಕೆ ಘೋರ್ಪಡೆಯವರು ಒಡೆಯರು. ಬನಹಟ್ಟಿ ಜಮಖಂಡಿಯದು, ಮಗ್ಗುಲ ರಬಕವಿ ಸಾಂಗಲಿ ಸಂಸ್ಥಾನದ್ದು. ಬೀಳಗಿ ಮಾತ್ರ ಇಂಗ್ಲಿಷರ ವಿಜಾಪುರ ಜಿಲ್ಲೆಯಲ್ಲಿ. ತಳಿ ನೋಡಿ ಆರಿಸುವುದು ಮುಧೋಳದ ಬೇಟೆನಾಯಿಗೆ ಸರಿಯಾದ ಪದ್ಧತಿ. ಮೊಲದ ಬೆನ್ನಟ್ಟುವ ಕಾಲು ಅದಕ್ಕೆ ತಾಯಿಯಿಂದ ಬರುತ್ತದೆ. ಊರಿನ ಜಮಾಖರ್ಚು ನೋಡುವ ಬುದ್ಧಿ ಹಾಗೆ ಯಾರ ರಕ್ತದಲ್ಲೂ ಹರಿದು ಬಂದುದನ್ನು ನಾನು ಕಂಡಿಲ್ಲ.

ಅದೇ ಮುಧೋಳ ಸೀಮೆಯ ಹಲಗಲಿಯನ್ನು ನೋಡಿರಿ. 1857ರಲ್ಲಿ ಕಂಪನಿ ಸರಕಾರ ಆಯುಧಗಳನ್ನು ಒಪ್ಪಿಸಬೇಕೆಂದು ಹುಕುಂ ಮಾಡಿತು. ಬೇಡರಿಗೆ ಆಯುಧವೇ ಅನ್ನ, ಆಯುಧವೇ ಮಾನ. ಪೂಜೇರಿ ಹನುಮ, ಜಡಗ, ಬಾಲ, ರಾಮ ಮುಂದೆ ನಿಂತರು. ಇವರು ಯಾವ ಅರಮನೆಯಲ್ಲೂ ಹುಟ್ಟಿದವರಲ್ಲ. ಆ ಹುಕುಂ ಬರದಿದ್ದರೆ ಇವರ ಹೆಸರು ಊರಗಸೆಯಾಚೆ ಹೋಗುತ್ತಿರಲಿಲ್ಲ. ಸೈನ್ಯ ಬಂದು ಊರನ್ನು ಸುಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಕೂಡಿ 19 ಜನರನ್ನು ಗಲ್ಲಿಗೇರಿಸಿದರು. ಲಾವಣಿ ಉಳಿಯಿತು, ಅವರ ಕೆಲಸವನ್ನು ಮುಂದುವರಿಸಲು ಸಂಘಟನೆಯೊಂದು ಉಳಿಯಲಿಲ್ಲ. ಅನ್ಯಾಯವು ನಾಯಕನನ್ನು ಎಬ್ಬಿಸಬಲ್ಲದು, ಆದರೆ ಅವನ ಹಿಂದೆ ಎರಡನೆಯವನನ್ನೂ ಮೂರನೆಯವನನ್ನೂ ಸಿದ್ಧಪಡಿಸಿ ಇಡುವ ಶಕ್ತಿ ಅದಕ್ಕಿಲ್ಲ.

ಹಾಗಾದರೆ ಆ ಸಿದ್ಧತೆ ಎಲ್ಲಿ ಆಗುತ್ತದೆ? ಜಮಖಂಡಿ ತಾಲೂಕಿನ ಸಾವಳಗಿಯ ಬಸಪ್ಪ ದಾನಪ್ಪ ಜತ್ತಿಯವರ ಜೀವನ ನಮ್ಮ ಕಣ್ಣೆದುರಿಗಿದೆ. 1912ರಲ್ಲಿ ಸಾಮಾನ್ಯ ವ್ಯಾಪಾರಿಯ ಮನೆಯಲ್ಲಿ ಹುಟ್ಟಿದರು. ಕೊಲ್ಲಾಪುರದಲ್ಲಿ ಕಾನೂನು ಕಲಿತು ಜಮಖಂಡಿಯಲ್ಲಿ ವಕೀಲಿ ಮಾಡಿದರು. 1940ರಲ್ಲಿ ಅಲ್ಲಿನ ಪುರಸಭೆಯ ಸದಸ್ಯರಾದರು, 1945ರಲ್ಲಿ ಅಧ್ಯಕ್ಷರಾದರು. ಮುಂದೆ ಸಂಸ್ಥಾನದ ಮಂತ್ರಿ, ಮುಖ್ಯಮಂತ್ರಿ. 1948ರ ಮಾರ್ಚ್ 8ರಂದು ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದಾಗ ಮತ್ತೆ ವಕೀಲಿಗೇ ಮರಳಿದರು. 1958ರಿಂದ 1962ರ ವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ, 1974ರಲ್ಲಿ ಉಪರಾಷ್ಟ್ರಪತಿ, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿ. ಅವರ ಪಕ್ಷ ನಮ್ಮದಲ್ಲ. ಅವರ ಅಧ್ಯಕ್ಷತೆಯ ಸಮಿತಿಯ ಬೆನ್ನಿಗೆ 1961ರಲ್ಲಿ ಬಂದ ಭೂಸುಧಾರಣೆಯ ಕಾಯದೆ ಗೇಣಿದಾರನಿಗೆ ಸಾಲಲಿಲ್ಲವೆಂಬುದಕ್ಕೆ, 1974ರಲ್ಲಿ ಅದನ್ನು ತಿದ್ದಬೇಕಾಗಿ ಬಂದದ್ದೇ ಸಾಕ್ಷಿ. ಆದರೂ ಒಂದು ಮಾತನ್ನು ಒಪ್ಪಲೇಬೇಕು: ಆ ಮನುಷ್ಯನ ಮೊದಲ ಪಾಠಶಾಲೆ ನಳ, ಗಟಾರ, ಕರಪಟ್ಟಿಗಳ ಪುರಸಭೆ. ಎದುರಿಗೆ ಕುಳಿತವನು ನಿತ್ಯ ಭೇಟಿಯಾಗುವ ನೆರೆಯವನಾದಾಗ ಉತ್ತರ ಹೇಳದೆ ಬೇರೆ ದಾರಿಯಿಲ್ಲ.

ಇಂದು ಪಟ್ಟಗಳು ಹೋಗಿ ಟಿಕೀಟುಗಳು ಬಂದಿವೆ, ತಂದೆಯ ಕ್ಷೇತ್ರ ಮಗನಿಗೆ ಎನ್ನುವುದು ಎಲ್ಲ ಪಕ್ಷಗಳಲ್ಲೂ ರೂಢಿಯಾಗುತ್ತಿದೆ. ಇನ್ನೊಂದು ಕಡೆ, 2010ರ ತಿದ್ದುಪಡಿಯ ಮೇಲೆ ಕರ್ನಾಟಕದ ಪಂಚಾಯತಿಗಳಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳಿಗಿದೆ. "ಸಹಿ ಆಕೆಯದು, ಕಾರಭಾರ ಗಂಡನದು" ಎಂದು ನಗುವವರಿದ್ದಾರೆ. ನಗುವವರನ್ನು ನಾನು ಕೇಳುತ್ತೇನೆ: ಠರಾವು ಪುಸ್ತಕವನ್ನು ಆಕೆಯ ಕೈಗೆ ಕೊಟ್ಟವರು ಯಾರು? ಓದಿ ಹೇಳಿದವರು ಯಾರು? ಈಜಲು ನೀರನ್ನೇ ಕೊಡದೆ, ಆಕೆಗೆ ಈಜು ಹುಟ್ಟಿನಿಂದ ಬಂದಿಲ್ಲ ಎನ್ನುವುದು ಯಾವ ನ್ಯಾಯ?

ನೇಕಾರ ಬಂಧುಗಳೇ, ನಿಮ್ಮ ಹತ್ತಿರ ಸಹಕಾರಿ ಸಂಘಗಳಿವೆ. ವಾರ್ಷಿಕ ಸಭೆಯೆಂದರೆ ಚಹಾ ಕುಡಿದು ಕೈ ಎತ್ತಿ ಬರುವುದೆಂದು ತಿಳಿಯಬೇಡಿರಿ. ಜಮಾಖರ್ಚಿನ ಪ್ರತಿಯನ್ನು ಮೊದಲೇ ಕೇಳಿ ಪಡೆಯಿರಿ. ನಾಲ್ಕು ಜನ ಕೂಡಿ ಓದಿರಿ. ನೂಲಿನ ದರ, ಕೂಲಿಯ ದರ, ಉಳಿಕೆ ಎಲ್ಲಿ ಹೋಯಿತೆಂದು ಗುರುತು ಹಾಕಿಕೊಳ್ಳಿರಿ. ಈವರೆಗೆ ಸಭೆಯಲ್ಲಿ ಒಮ್ಮೆಯೂ ಬಾಯಿ ತೆರೆಯದವನಿಂದ ಮೊದಲನೆಯ ಪ್ರಶ್ನೆ ಕೇಳಿಸಿರಿ. ಮುಂದಿನ ವರ್ಷ ಆ ಕೆಲಸ ಇನ್ನೊಬ್ಬನದಾಗಲಿ, ಇಲ್ಲವೆ ಇನ್ನೊಬ್ಬಳದಾಗಲಿ.