ಕೇಳಿದವರಿಗೆ ಹೇಳುವುದು: ಭೀಮಾ ದಂಡೆಯಲ್ಲಿ ಕ್ರೈಸ್ತ ಸಾಕ್ಷಿ

ಸಂಕಿರಣದ ಅಧ್ಯಕ್ಷರೆ, ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಿಂದ ಬಂದಿರುವ ಸಭಾಪಾಲಕರೆ, ಉಪದೇಶಿಗಳೆ, ಕನ್ಯಾಸ್ತ್ರೀಯರೆ, ಕನ್ನಡ ಅಧ್ಯಾಪಕ ಮಿತ್ರರೆ, ನಮ್ಮ ಕರೆಗೆ ಓಗೊಟ್ಟು ಬಂದ ಮಠದ ಮತ್ತು ದರ್ಗಾದ ಹಿರಿಯರೆ,

ಕ್ರಿಸ್ತನಲ್ಲಿಟ್ಟ ನಂಬಿಕೆಯನ್ನು ನೆರೆಯವರೊಡನೆ ಹಂಚಿಕೊಳ್ಳುವುದು ಹೇಗೆ ಎಂಬುದು ಈ ಎರಡು ದಿನಗಳ ವಿಷಯ. ಇದನ್ನು ಬೈಬಲಿನಿಂದ ಆರಂಭಿಸಬಹುದಿತ್ತು. ನಾನು ಸನ್ನತಿಯ ಕಲ್ಲಿನಿಂದ ಆರಂಭಿಸುತ್ತೇನೆ. ಯಾಕೆಂದರೆ ನಾವು ಮಾತಾಡಬೇಕಾದ ಸಂಗತಿ ಈ ನೆಲಕ್ಕೆ ಹೊಸದಲ್ಲ. ಧರ್ಮವನ್ನು ಇನ್ನೊಬ್ಬರಿಗೆ ಹೇಳುವುದು, ಕೇಳಿದವನು ಒಪ್ಪುವುದು ಅಥವಾ ಬಿಡುವುದು, ಒಪ್ಪಿದ್ದಕ್ಕೆ ಬೆಲೆ ತೆರುವುದು ಎಲ್ಲವೂ ಭೀಮೆಯ ಎರಡೂ ದಂಡೆಗಳಲ್ಲಿ ಎರಡು ಸಾವಿರ ವರ್ಷಗಳಿಂದ ನಡೆದುಬಂದಿವೆ.

ಸನ್ನತಿ ಇರುವುದು ಪಕ್ಕದ ಚಿತ್ತಾಪುರ ತಾಲೂಕಿನಲ್ಲಿ, ಭೀಮೆಯ ದಂಡೆಯ ಮೇಲೆ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಕಾ ಗುಡಿಯ ಚಾವಣಿ ಕುಸಿಯಿತು. ಆಮೇಲೆ ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಬ್ರಾಹ್ಮೀ ಅಕ್ಷರಗಳು ಕಂಡವು. ಅದು ಅಶೋಕನ ಶಾಸನ. ಅವನ ಹನ್ನೆರಡನೆಯ ಬಂಡೆಶಾಸನದ ಭಾಗವೂ ಅದರಲ್ಲಿದೆ. ಆ ಶಾಸನದ ಹುರುಳು ಇದು: ಎಲ್ಲ ಪಂಥಗಳ ಸತ್ವವೂ ಬೆಳೆಯಬೇಕು, ಅದಕ್ಕೆ ಬುಡ ನಾಲಿಗೆಯ ಮೇಲಿನ ಹಿಡಿತ. ಸಂದರ್ಭವಿಲ್ಲದೆ ತನ್ನ ಪಂಥವನ್ನು ಹೊಗಳಬಾರದು, ಇನ್ನೊಬ್ಬರದನ್ನು ತೆಗಳಬಾರದು, ಒಬ್ಬರ ಧರ್ಮವನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಬೇಕು. ಇದನ್ನು ಬರೆಸಿದವನು ಧರ್ಮದ ವಿಷಯದಲ್ಲಿ ತಟಸ್ಥನಾಗಿದ್ದ ದೊರೆಯಲ್ಲ. ಧಮ್ಮದ ಮಾತನ್ನು ದೂರದ ಅರಸರವರೆಗೆ ಕಳಿಸಿದವನು, ಅದಕ್ಕಾಗಿಯೇ ಅಧಿಕಾರಿಗಳನ್ನು ನೇಮಿಸಿದವನು. ಹಂಚಬೇಕು ಎಂಬ ಹಂಬಲವಿದ್ದವನೇ ಹೇಗೆ ಹಂಚಬೇಕು ಎಂಬ ಕಟ್ಟನ್ನೂ ಹಾಕಿದ. ಸುವಾರ್ತೆ ಸಾರುವುದನ್ನು ಕರ್ತವ್ಯವೆಂದು ನಂಬಿರುವ ನಮಗೆ ಇದಕ್ಕಿಂತ ಹತ್ತಿರದ ಪಾಠ ಬೇರೆಲ್ಲಿ ಸಿಕ್ಕೀತು?

ಎರಡನೆಯ ನೆನಪು ಆಳಂದದ್ದೇ. ಏಕಾಂತದ ರಾಮಯ್ಯ ಹುಟ್ಟಿದ್ದು ಅಲಂದೆಯಲ್ಲಿ. ಹಾವೇರಿ ಸೀಮೆಯ ಅಬ್ಬಲೂರಿನ ಶಾಸನ ಅವನ ಕಥೆಯನ್ನು ಹೇಳುತ್ತದೆ, ಕವಿ ಹರಿಹರ ಅವನ ಮೇಲೆ ರಗಳೆ ಬರೆದಿದ್ದಾನೆ. ಜೈನರೊಡನೆ ವಾದಕ್ಕೆ ನಿಂತು, ಪಣವೊಡ್ಡಿ, ತಲೆಯನ್ನೇ ಅರಿದು ಶಿವನಿಗೊಪ್ಪಿಸಿ ಮರಳಿ ಪಡೆದ ಎಂಬುದು ಶಾಸನದ ಕಥನ. ಜಿನಬಿಂಬ ಭಗ್ನವಾದದ್ದನ್ನೂ, ಅರಸ ಬಿಜ್ಜಳನಿಂದ ಜಯಪತ್ರ ಸಿಕ್ಕಿದ್ದನ್ನೂ ಅದು ಹೆಮ್ಮೆಯಿಂದಲೇ ದಾಖಲಿಸುತ್ತದೆ. ಆ ಭಕ್ತನ ಎದೆಗಾರಿಕೆಯನ್ನು ಅಳೆಯಲು ನಾನು ಯಾರೂ ಅಲ್ಲ. ಆದರೆ ಅದು ಗೆಲ್ಲುವವರು ಮತ್ತು ಸೋಲುವವರು ಇರುವ ಹಂಚಿಕೆ ಎಂಬುದು ಸ್ಪಷ್ಟ. ಕ್ರೈಸ್ತರಾದ ನಮಗೂ ಈ ದಾರಿಯ ಸೆಳೆತ ಇದ್ದೇ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ನಿಂತು, ಅದೇ ಜಾತ್ರೆಯ ದೇವರನ್ನು ಹಳಿಯುತ್ತ ಉಪದೇಶ ಮಾಡಿದ ಮಿಷನರಿಗಳಿದ್ದರು, ಕರಪತ್ರಗಳಿದ್ದವು. ಇಂದಿಗೂ ಮೊಬೈಲಿನಲ್ಲಿ ಹರಿದಾಡುವ ಕೆಲವು ಪ್ರಸಂಗಗಳಲ್ಲಿ ಆ ಧ್ವನಿ ಕೇಳಿಸುತ್ತದೆ. ಅದು ನಮ್ಮ ನಂಬಿಕೆಯ ಬಲವನ್ನು ತೋರುವುದಿಲ್ಲ. ನೆರೆಯವರ ಮನೆಯ ದೀಪವನ್ನು ಊದಿದರೆ ಮಾತ್ರ ನಮ್ಮದು ಬೆಳಗೀತು ಎಂಬ ಅಂಜಿಕೆಯನ್ನು ತೋರುತ್ತದೆ.

ಮೂರನೆಯ ದಾರಿಯೊಂದು ಇದೇ ಸೀಮೆಯಲ್ಲಿದೆ, ನನ್ನ ಮನಸ್ಸು ನಿಲ್ಲುವುದು ಅಲ್ಲಿ. ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿ, ಹಿಂದೆ ಜೇವರ್ಗಿ ತಾಲೂಕಿನಲ್ಲಿದ್ದು ಈಗ ಯಡ್ರಾಮಿಗೆ ಸೇರಿರುವ ಕಡಕೋಳದಲ್ಲಿ ನೆಲೆನಿಂತ ತತ್ವಪದಕಾರ ಮಡಿವಾಳಪ್ಪನವರನ್ನು ಇಲ್ಲಿ ಪರಿಚಯಿಸಬೇಕಿಲ್ಲ. ಅವರ ಶಿಷ್ಯಬಳಗದಲ್ಲಿ ಚನ್ನೂರಿನ ಜಲಾಲ ಸಾಹೇಬರಿದ್ದರು, ಖೈನೂರಿನ ಕೃಷ್ಣಪ್ಪನವರಿದ್ದರು, ತೆಲುಗಬಾಳದ ರೇವಪ್ಪನವರಿದ್ದರು. ಜಲಾಲ ಸಾಹೇಬರು ಮುಸಲ್ಮಾನರಾಗಿಯೇ ಮಡಿವಾಳಪ್ಪನವರನ್ನು ಗುರುವೆಂದರು, ಕನ್ನಡದಲ್ಲಿ ತತ್ವಪದ ಹಾಡಿದರು. ಏಕತಾರಿ ಹಿಡಿದು ರಾತ್ರಿಯಿಡೀ ಕೂಡುವ ಆ ಭಜನೆಯ ರೀತಿಯನ್ನು ಗಮನಿಸಿ. ಒಬ್ಬ ಹಾಡುತ್ತಾನೆ, ಉಳಿದವರು ಸೊಲ್ಲು ಹಿಡಿಯುತ್ತಾರೆ, ಆಮೇಲೆ ಇನ್ನೊಬ್ಬ ತನ್ನ ಗುರುವಿನ ಪದ ಎತ್ತಿಕೊಳ್ಳುತ್ತಾನೆ. ಪದದ ಒಗಟು ತಿಳಿಯದವನು ಅರ್ಥ ಕೇಳುತ್ತಾನೆ, ಬಲ್ಲವನು ಬಿಡಿಸಿ ಹೇಳುತ್ತಾನೆ. ಕೇಳಲು ಬಂದವನ ಹೆಸರನ್ನು ಯಾರೂ ಪಟ್ಟಿಗೆ ಬರೆದುಕೊಳ್ಳುವುದಿಲ್ಲ. ಇಷ್ಟು ಸಡಿಲ ಕಟ್ಟಿನಲ್ಲಿ ಆ ವಿಚಾರ ಹಳ್ಳಿಯಿಂದ ಹಳ್ಳಿಗೆ, ಜಾತಿಯಿಂದ ಜಾತಿಗೆ ದಾಟಿ ಇಂದಿನವರೆಗೂ ಬಾಯಿಂದ ಬಾಯಿಗೆ ಬಂದಿದೆ.

ಪೇತ್ರನು ತನ್ನ ಮೊದಲ ಪತ್ರದಲ್ಲಿ ವಿಶ್ವಾಸಿಗಳಿಗೆ ಕೊಟ್ಟ ಬುದ್ಧಿಮಾತೂ ಇದಕ್ಕೆ ದೂರದ್ದಲ್ಲ. ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣವೇನೆಂದು ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಸಾತ್ವಿಕತೆಯಿಂದ, ಗೌರವದಿಂದ ಉತ್ತರ ಕೊಡಿ ಎಂಬುದು ಅದರ ತಾತ್ಪರ್ಯ. ಯಾರಾದರೂ ಬಂದು ಕೇಳುವಂತೆ ನಾವು ಬದುಕಿರಬೇಕು ಎಂಬ ಷರತ್ತು ಆ ಮಾತಿನೊಳಗೇ ಇದೆ. ಈ ಮೂರು ತಾಲೂಕುಗಳಲ್ಲಿ ಕ್ರೈಸ್ತ ಸಾಕ್ಷಿ ಉಳಿಯಬೇಕಾದರೆ, ಬೆಳೆಯಬೇಕಾದರೆ, ಅದು ಕೇಳಿದವರಿಗೆ ಹೇಳುವ, ಹೇಳಿದಷ್ಟೇ ಕೇಳುವ ಸಾಕ್ಷಿಯಾಗಬೇಕು. ನನ್ನ ಇಡೀ ಭಾಷಣದ ಆಶಯ ಇಷ್ಟೇ.

ಚರಿತ್ರೆಯನ್ನು ಬೇಗ ದಾಟುತ್ತೇನೆ. ಆದಿಲ್‌ಶಾಹಿ ಕಾಲದಲ್ಲೇ ಮುದಗಲ್ಲಿನಲ್ಲಿ ಕ್ರೈಸ್ತರಿದ್ದರು. ನಿಜಾಮರ ಕಾಲದಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ, ಅಮೆರಿಕದ ಮೆಥಡಿಸ್ಟ್ ಮಿಷನ್ ಕಲಬುರಗಿ, ಬೀದರ, ಯಾದಗಿರಿ ಕಡೆ ಕೆಲಸ ಮಾಡಿತು. ಬೀದರದ ಮೆಥಡಿಸ್ಟ್ ಆಸ್ಪತ್ರೆ, ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆ ಆ ಸೇವೆಯ ಫಲ. 2005ರಲ್ಲಿ ಕಲಬುರಗಿ ಪ್ರತ್ಯೇಕ ಕಥೋಲಿಕ ಧರ್ಮಪ್ರಾಂತವಾಯಿತು. ಈಚಿನ ದಶಕಗಳಲ್ಲಿ ಹಳ್ಳಿಗಳ ಮನೆಗಳಲ್ಲೇ ನಡೆಯುವ ಸಣ್ಣ ಪ್ರಾರ್ಥನಾ ಕೂಟಗಳೂ ಇವೆ. ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋದವರು ಅಲ್ಲಿ ಕೇಳಿದ ಹಾಡನ್ನು ಊರಿಗೆ ತಂದು ಶುರುಮಾಡಿದವೂ ಅವುಗಳಲ್ಲಿ ಸೇರಿವೆ.

ಅಮೆರಿಕದ ಮೆಥಡಿಸ್ಟ್ ಪರಂಪರೆಯ ಇಬ್ಬರನ್ನು ಮಾತ್ರ ಇಲ್ಲಿ ನೆನೆಯಲೇಬೇಕು. ಒಬ್ಬರು ಇ. ಸ್ಟ್ಯಾನ್ಲಿ ಜೋನ್ಸ್. 1920ರ ದಶಕದಲ್ಲಿ ಅವರು ದುಂಡುಮೇಜಿನ ಕೂಟಗಳನ್ನು ಕರೆಯುತ್ತಿದ್ದರು. ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು, ಏನನ್ನೂ ನಂಬದವರು ಒಟ್ಟಿಗೆ ಕೂತು, ನಿಮ್ಮ ಧರ್ಮ ನಿಮ್ಮ ಬದುಕಿಗೆ ಏನು ಕೊಟ್ಟಿದೆ ಎಂಬುದನ್ನಷ್ಟೇ ಹೇಳಬೇಕು. ವಾದ ಇಲ್ಲ, ಖಂಡನೆ ಇಲ್ಲ. ಆ ಅನುಭವವನ್ನು ಅವರು 1928ರ ತಮ್ಮ ಪುಸ್ತಕದಲ್ಲಿ ಬರೆದರು. ಇನ್ನೊಬ್ಬರು ಜೆ. ವಾಸ್ಕಮ್ ಪಿಕೆಟ್. ದಲಿತ ಸಮುದಾಯಗಳು ಗುಂಪುಗುಂಪಾಗಿ ಕ್ರೈಸ್ತರಾದದ್ದನ್ನು ಅಧ್ಯಯನ ಮಾಡಿ 1933ರಲ್ಲಿ ಅವರು ಗ್ರಂಥ ಪ್ರಕಟಿಸಿದರು. ಯಾವ ಕಾರಣಕ್ಕೆ ಬಂದರು ಎಂಬುದಕ್ಕಿಂತ, ಬಂದ ಮೇಲೆ ಅವರಿಗೆ ಸಿಕ್ಕ ಬೋಧನೆ ಮತ್ತು ಆರೈಕೆ ಹೆಚ್ಚು ನಿರ್ಣಾಯಕ ಎಂದು ಅವರು ಕಂಡುಕೊಂಡರು. ಸ್ನಾನದೀಕ್ಷೆಯ ಸಂಖ್ಯೆ ಬರೆದು ಮುಂದಿನ ಊರಿಗೆ ಹೊರಡುವ ಸೇವಕರು ಈ ಮಾತನ್ನು ಒಮ್ಮೆ ಯೋಚಿಸಬೇಕು.

ಈಗ ಕಷ್ಟದ ಎರಡು ವಿಷಯಗಳು. ಒಂದು ಬೇನೆ. ಈ ಸೀಮೆಯಲ್ಲಿ ಜನ ದೇವರ ಬಾಗಿಲಿಗೆ ಬರುವುದು ಬಹಳ ಸಲ ಬೇನೆ ಹೊತ್ತುಕೊಂಡೇ. ಗಾಣಗಾಪುರದ ದತ್ತನ ಸನ್ನಿಧಿಗೆ ಗಾಳಿ ಹಿಡಿದವರನ್ನು ಕರೆತರುತ್ತಾರೆ, ಆಳಂದದ ಲಾಡ್ಲೆ ಮಶಾಯಿಕ್ ದರ್ಗಾಕ್ಕೆ ಹರಕೆ ಹೊತ್ತು ಬರುತ್ತಾರೆ, ಹಾಗೆಯೇ ನಮ್ಮ ಪ್ರಾರ್ಥನಾ ಕೂಟಕ್ಕೂ ಬರುತ್ತಾರೆ. ಅವರಿಗಾಗಿ ಪ್ರಾರ್ಥಿಸುವುದು ನಮ್ಮ ನಂಬಿಕೆಯ ಜೀವಾಳ, ಅದನ್ನು ನಾನು ನಾಚಿಕೆಯಿಲ್ಲದೆ ಹೇಳುತ್ತೇನೆ. ಆದರೆ ಸಕ್ಕರೆ ಕಾಯಿಲೆಯ ಮಾತ್ರೆ ಬಿಡು, ಮೂರ್ಛೆ ರೋಗದ ಔಷಧ ಬಿಡು ಎಂದು ಹೇಳುವ ಬಾಯಿ ಸುವಾರ್ತೆಯ ಬಾಯಿಯಲ್ಲ. ಮಂತ್ರ-ತಾಯಿತಗಳಿಂದ ರೋಗ ವಾಸಿಮಾಡುತ್ತೇವೆಂಬ ಜಾಹೀರಾತನ್ನು 1954ರ ಕಾನೂನೇ ನಿಷೇಧಿಸಿದೆ. ಬೀದರ, ಯಾದಗಿರಿಯ ಮಿಷನ್ ಆಸ್ಪತ್ರೆಗಳಲ್ಲಿ ಪ್ರಾರ್ಥನೆಯೂ ಇತ್ತು, ಔಷಧವೂ ಇತ್ತು. ನಮ್ಮ ಹಿರಿಯರು ಅವೆರಡನ್ನು ಎಂದೂ ಎದುರುಬದುರು ನಿಲ್ಲಿಸಲಿಲ್ಲ. ಮಾನಸಿಕ ಬೇನೆಯಿಂದ ಬಳಲುವ ಹೆಣ್ಣುಮಗಳಿಗೆ ದೆವ್ವ ಹಿಡಿದಿದೆಯೆಂದು ಘೋಷಿಸುವ ಮೊದಲು, ಅವಳ ಕೈಹಿಡಿದು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಸಭಾಪಾಲಕನೇ ನನ್ನ ಕಣ್ಣಿಗೆ ಸಾಕ್ಷಿ.

ಇನ್ನೊಂದು ಬೆಲೆ, ನಂಬಿಕೆ ಬದಲಿಸಿದವನು ತೆರುವ ಬೆಲೆ. ಅದಕ್ಕೆ ಮೊದಲು ಹಕ್ಕಿನ ಮಾತು. 1948ರ ಡಿಸೆಂಬರ್ 6ರಂದು ಸಂವಿಧಾನ ಸಭೆ ಧರ್ಮಪ್ರಚಾರದ ಹಕ್ಕನ್ನು ಚರ್ಚಿಸಿತು. ಆಗ ಕಲಬುರಗಿ ಸೀಮೆ ನಿಜಾಮರ ಆಳ್ವಿಕೆಯಿಂದ ಹೊರಬಂದು ಮೂರು ತಿಂಗಳೂ ಆಗಿರಲಿಲ್ಲ. ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು 25ನೆಯ ವಿಧಿಯಾಗಿ ನಮಗೆಲ್ಲ ಸಿಕ್ಕಿತು. 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತನ್ನ ಧರ್ಮದ ತತ್ವಗಳನ್ನು ವಿವರಿಸಿ ಹೇಳುವ ಹಕ್ಕಿದೆ, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಿಲ್ಲ ಎಂದಿತು. ಈ ತೀರ್ಪು ಅನೇಕ ಕ್ರೈಸ್ತರಿಗೆ ನೋವು ತಂದಿದೆ, ಅದು ನನಗೆ ಗೊತ್ತು. ಆದರೂ ಮನುಷ್ಯನ ಮನಸ್ಸನ್ನು ತಿರುಗಿಸುವುದು ದೇವರ ಆತ್ಮನ ಕೆಲಸ ಎಂದು ನಂಬುವ ನಾವು, ಆ ಕೆಲಸದ ಹಕ್ಕು ನಮಗೆ ಬೇಕೆಂದು ಯಾಕೆ ಕೇಳಬೇಕು? ನಾವು ಬಿಟ್ಟುಕೊಡಬಾರದ್ದು ಬೇರೆ ಇದೆ. ಕೇಳಿ, ತೂಗಿ, ತಾನೇ ತೀರ್ಮಾನಿಸುವ ಹಕ್ಕು ಎದುರಿಗೆ ಕೂತವನದು. ಕರ್ನಾಟಕದ 2022ರ ಮತಾಂತರ ನಿಷೇಧ ಕಾಯ್ದೆ ಆ ಹಕ್ಕಿನ ಮೇಲೆಯೇ ಕೈಯಿಟ್ಟಿತು. ಮತಾಂತರಕ್ಕೆ ಮೂವತ್ತು ದಿನ ಮೊದಲೇ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದಿತು. ದಲಿತರ, ಮಹಿಳೆಯರ ವಿಷಯದಲ್ಲಿ ಶಿಕ್ಷೆಯನ್ನು ಹೆಚ್ಚಿಸಿತು, ತಮ್ಮ ಬುದ್ಧಿಯಿಂದ ತೀರ್ಮಾನಿಸಲು ಅವರಿಗೆ ಬಾರದು ಎಂಬಂತೆ. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ಹಿಂಪಡೆಯುವ ನಿರ್ಧಾರ ಮಾಡಿತು. ಕಾಯ್ದೆಗಳು ಬರುತ್ತವೆ, ಹೋಗುತ್ತವೆ. ಅಂತರಂಗದ ಮಾತಿಗೆ ಅಧಿಕಾರಿಯ ರುಜು ಬೇಕೆನ್ನುವುದನ್ನು ನಾನು ಯಾವತ್ತೂ ಒಪ್ಪಲಾರೆ.

ಅಷ್ಟೇ ಖಂಡಿತವಾಗಿ ನಮ್ಮವರಿಗೂ ಒಂದು ಮಾತು ಹೇಳಬೇಕು. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧ ಧರ್ಮಗಳಿಗೆ ಸೇರಿದವರಿಗೆ ಮಾತ್ರ ಪರಿಶಿಷ್ಟ ಜಾತಿಯ ಸ್ಥಾನ. ಕ್ರೈಸ್ತನಾದ ಮಾದಿಗ, ಹೊಲೆಯ ಬಂಧುವಿಗೆ ಆ ಸ್ಥಾನ ಇಲ್ಲ. ನಮ್ಮ ರಾಜ್ಯದಲ್ಲಿ ಅವನು ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ ಸೇರುತ್ತಾನೆ. ಮೀಸಲು ಕ್ಷೇತ್ರದಲ್ಲಿ ಚುನಾವಣೆಗೆ ನಿಲ್ಲುವಂತಿಲ್ಲ, 1989ರ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಕೈಬಿಡುತ್ತದೆ. ಆದರೆ ಊರಿನ ಹೋಟೆಲಿನಲ್ಲಿ, ಬಾವಿಯ ಕಟ್ಟೆಯಲ್ಲಿ ಅವನ ಜಾತಿ ಎಲ್ಲೂ ಹೋಗಿರುವುದಿಲ್ಲ. ಇದು ಅನ್ಯಾಯ. ಇದನ್ನು ಪರಿಶೀಲಿಸಲು 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಕವಾಯಿತು, ನಮ್ಮ ಹೋರಾಟವೂ ನಡೆಯುತ್ತಿದೆ. ಆದರೆ ಅನ್ಯಾಯ ಸರಿಯಾಗುವ ತನಕ, ಕೂಲಿ ಕುಟುಂಬವೊಂದಕ್ಕೆ ಕ್ರಿಸ್ತನ ಬಗ್ಗೆ ಹೇಳುವವನು ಈ ಬೆಲೆಯನ್ನೂ ಬಿಚ್ಚಿ ಹೇಳಬೇಕು. ಮಗಳ ವಿದ್ಯಾರ್ಥಿವೇತನಕ್ಕೆ, ಮಗನ ನೌಕರಿಗೆ ಇದು ಏನು ಮಾಡುತ್ತದೆ ಎಂಬುದು ಅವರಿಗೆ ದೀಕ್ಷೆಗೆ ಮೊದಲೇ ಗೊತ್ತಿರಬೇಕು. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕಲಿ ಎಂದು ಯೇಸು ತನ್ನನ್ನು ಹಿಂಬಾಲಿಸಲು ಬಂದವರಿಗೇ ಹೇಳಿದ್ದಾನೆ. ಲೆಕ್ಕ ಮುಚ್ಚಿಟ್ಟು ಕೊಟ್ಟ ದೀಕ್ಷೆಯನ್ನು ಮೋಸ ಎನ್ನಲು ಯಾವ ಕಾಯ್ದೆಯೂ ಬೇಕಿಲ್ಲ.

ಸಂಶೋಧಕ ಮಿತ್ರರಿಗೆ ಒಂದು ಬೇಡಿಕೆ. ಮಿಷನರಿ ಫರ್ಡಿನಾಂಡ್ ಕಿಟ್ಟೆಲ್ 1862ರಲ್ಲಿ ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಕಟ್ಟಿದರು. ಅವರಿಗಿಂತ ಮೊದಲು ಮೋಗ್ಲಿಂಗ್ ಬಸವಪುರಾಣವನ್ನು, ದಾಸರ ಪದಗಳನ್ನು ಅಚ್ಚು ಹಾಕಿಸಿದ್ದರು. ಹೇಳಲು ಬಂದವರು ಕೇಳಲು ಕಲಿತಿದ್ದರ ಗುರುತು ಅದು. ಕಲಬುರಗಿ ಸೀಮೆಯ ಕ್ರೈಸ್ತರು, ವಿಶೇಷವಾಗಿ ಹೆಣ್ಣುಮಕ್ಕಳು, ಬೀಸುವ ಪದದ ಧಾಟಿಯಲ್ಲಿ, ಭಜನೆಯ ಮಟ್ಟಿನಲ್ಲಿ ಯೇಸಪ್ಪನ ಹಾಡು ಹಾಡುತ್ತಾರೆ. ಉರ್ದು, ಮರಾಠಿ ಬೆರೆತ ಈ ಕಡೆಯ ಕನ್ನಡದಲ್ಲಿ ಪ್ರಾರ್ಥನೆ ಮಾಡುತ್ತಾರೆ. ಆ ಹಾಡುಗಳನ್ನು ಹಾಡುವವರ ದನಿಯಲ್ಲೇ ಸಂಗ್ರಹಿಸಬೇಕು. ಹಳೆಯ ಸಭೆಗಳ ದೀಕ್ಷಾ ದಾಖಲೆಗಳನ್ನು ಗೆದ್ದಲು ತಿನ್ನುವ ಮೊದಲು ಓದಬೇಕು. ಈ ಜನ ಯಾಕೆ ಬಂದರು ಎಂಬುದನ್ನು ಮಿಷನ್ನಿನ ವರದಿಗಳೂ ಹೇಳಿವೆ, ವಿರೋಧಿಗಳ ಭಾಷಣಗಳೂ ಹೇಳಿವೆ. ಬಂದವರೇ ಹೇಳಲಿ.

ನಾಳೆ ಬೆಳಗಿನ ಗೋಷ್ಠಿಯನ್ನು ಸ್ಟ್ಯಾನ್ಲಿ ಜೋನ್ಸರ ದುಂಡುಮೇಜಿನ ಮಾದರಿಯಲ್ಲಿಯೇ ಇಟ್ಟುಕೊಂಡಿದ್ದೇವೆ. ಮಠದಿಂದ, ದರ್ಗಾದಿಂದ, ತತ್ವಪದದ ಬಳಗದಿಂದ, ಬೌದ್ಧ ಬಂಧುಗಳಿಂದ ಬಂದವರು ಮೊದಲು ಮಾತಾಡುತ್ತಾರೆ. ತಮ್ಮನ್ನು ಬದುಕಿಸಿದ್ದು ಏನು ಎಂಬುದನ್ನು ಹೇಳುತ್ತಾರೆ. ಕ್ರೈಸ್ತ ನೆರೆಯವರಿಂದ ತಮಗೆ ಕೇಳಿಸಿದ್ದೇನು, ನೋವಾದದ್ದೇನು ಎಂಬುದನ್ನೂ ಹೇಳಬೇಕೆಂದು ಅವರಲ್ಲಿ ಕೇಳಿಕೊಂಡಿದ್ದೇನೆ. ಆ ಹೊತ್ತು ಸಭಾಪಾಲಕರು, ಉಪದೇಶಿಗಳು ಯಾರೂ ಉತ್ತರ ಕೊಡಲು ಏಳಬೇಡಿ. ಬರೆದುಕೊಳ್ಳಿ. ಮಧ್ಯಾಹ್ನ ಊಟಕ್ಕೆ ಅವರ ಪಕ್ಕದಲ್ಲೇ ಕೂತುಕೊಳ್ಳಿ. ಅವರು ನಿಮ್ಮನ್ನು ಕೇಳಿದರೆ ಆಗ ಹೇಳಿ.